ಲಿನಕ್ಸ್ ಗುರುತಿಸದ ಸೆನ್ಸರ್ ಚಿಪ್ ಯಾವುದು? ಪತ್ತೆ ಹಚ್ಚುವ ಬಗೆ, ಹಂತ ಹಂತವಾಗಿ

ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ಅಂಗೈಯಗಲದ ಮಿನಿ ಪಿಸಿ ಇದೆ. ಕೆಲಸದವರ ಹಾಜರಿ, ವಾರದ ಬಟವಾಡೆ, ಕಣದಿಂದ ಗೋದಾಮಿಗೆ ಹೋದ ಮೂಟೆಗಳ ಲೆಕ್ಕ ಎಲ್ಲವೂ ಅದರಲ್ಲೇ. ಅದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಹಾಕಿಕೊಟ್ಟವನು ನಾನೇ. ಜುಲೈ ತಿಂಗಳ ಜಡಿಮಳೆಯಲ್ಲಿ ತೋಟದ ರೈಟರು (ಲೆಕ್ಕ ಬರೆಯುವವರು) ಫೋನ್ ಮಾಡಿದರು. "ಇದು ಅರ್ಧ ಗಂಟೆ ಸರಿಯಾಗಿ ಓಡ್ತದೆ ಮಾರಾಯ, ಆಮೇಲೆ ತನ್ನಷ್ಟಕ್ಕೇ ಆಫ್. ಕಿವಿಯಿಟ್ಟು ಕೇಳಿದೆ, ಫ್ಯಾನು ತಿರುಗ್ತಾ ಉಂಟು."

ಹೋಗಿ 'ಸೆನ್ಸರ್ಸ್' ಆಜ್ಞೆ ಕೊಟ್ಟು ನೋಡಿದರೆ ಪ್ರೊಸೆಸರಿನ ಬಿಸಿ ಮಾತ್ರ ಕಾಣಿಸಿತು. ಫ್ಯಾನಿನ ವೇಗವಿಲ್ಲ, ವೋಲ್ಟೇಜ್ ಇಲ್ಲ. ಬೋರ್ಡಿನ ಮೇಲೆ ಅವನ್ನೆಲ್ಲ ಅಳೆಯುವ ಚಿಪ್ ಇದ್ದೇ ಇತ್ತು, ಲಿನಕ್ಸಿಗೆ ಅದರ ಗುರುತು ಸಿಕ್ಕಿರಲಿಲ್ಲ. ಇಂಥ ಹೊತ್ತಿನಲ್ಲಿ ಯಾರೋ ಎಲ್ಲೋ ಹೇಳಿದ ಡ್ರೈವರನ್ನು (ಚಿಪ್ಪಿನ ಜತೆ ಮಾತಾಡುವ ತಂತ್ರಾಂಶವನ್ನು) ಒತ್ತಾಯದಿಂದ ಲೋಡ್ ಮಾಡಿ 'ಏನೋ ಸಂಖ್ಯೆ ಬಂತು' ಎಂದು ಬಿಟ್ಟುಬಿಡುವುದನ್ನು ಬಹಳ ಕಡೆ ನೋಡಿದ್ದೇನೆ. ಹಾಗೆ ಮಾಡಬೇಡಿ. ಚಿಪ್ಪು ತನ್ನ ಐಡಿಯನ್ನು ತಾನೇ ಹೇಳುತ್ತದೆ, ಅದರ ಮೈಮೇಲೆ ಹೆಸರು ಅಚ್ಚಾಗಿರುತ್ತದೆ, ಅದು ಅಳೆದ ಅಂಕಿಯನ್ನು ನಾವು ಮೀಟರ್ ಹಿಡಿದು ತಾಳೆ ನೋಡಬಹುದು. ಈ ಮೂರೂ ಒಂದೇ ಮಾತು ಹೇಳುವ ತನಕ ಡ್ರೈವರಿನ ಗೊಡವೆಗೆ ಹೋಗಬಾರದು.

ಇಲ್ಲಿ ಆಜ್ಞೆಗಳನ್ನೂ ಹೆಕ್ಸ್ (ಹದಿನಾರರ ಮಾನದ) ಸಂಖ್ಯೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಹೆಕ್ಸ್ ಸಂಖ್ಯೆಯ ಮುಂದೆ ಸೊನ್ನೆ-ಎಕ್ಸ್ ಸೇರಿಸಬೇಕು.

ಮೊದಲು, ಈಗಾಗಲೇ ಕಾಣುತ್ತಿರುವುದು ಏನು

'ಸಿಸ್' ಕಡತವ್ಯವಸ್ಥೆಯೊಳಗೆ 'ಕ್ಲಾಸ್', ಅದರೊಳಗೆ 'ಎಚ್‌ಡಬ್ಲ್ಯೂಮಾನ್' ಎಂಬ ಫೋಲ್ಡರ್ ಇದೆ. ಅಲ್ಲಿ ಎಚ್‌ಡಬ್ಲ್ಯೂಮಾನ್0, ಎಚ್‌ಡಬ್ಲ್ಯೂಮಾನ್1 ಎಂದು ಸಾಲಾಗಿ ಇರುತ್ತವೆ. ಒಂದೊಂದರ ಒಳಗಿನ 'ನೇಮ್' ಕಡತವನ್ನು 'ಕ್ಯಾಟ್' ಮಾಡಿ ನೋಡಿ. 'ಕೋರ್‌ಟೆಂಪ್' ಎಂದಿದ್ದರೆ ಇಂಟೆಲ್ ಪ್ರೊಸೆಸರಿನ ಒಳಗಿನ ಸೆನ್ಸರ್, 'ಕೆ10ಟೆಂಪ್' ಎಂದರೆ ಎಎಂಡಿಯದು, 'ಎನ್‌ವಿಎಂಇ' ಮತ್ತು 'ಡ್ರೈವ್‌ಟೆಂಪ್' ಡಿಸ್ಕಿನವು, 'ಜೆಸಿ42' ರ‍್ಯಾಮ್ ಕಡ್ಡಿಯದು. ಇವು ಯಾವುವೂ ಬೋರ್ಡಿನ ಚಿಪ್ಪಲ್ಲ. 'ಐಟಿ' ಅಥವಾ 'ಎನ್‌ಸಿಟಿ' ಎಂದು ಶುರುವಾಗಿ ಅಂಕಿಯಿರುವ ಹೆಸರು ಕಂಡರೆ ಬೋರ್ಡಿನ ಚಿಪ್ ಆಗಲೇ ಸಿಕ್ಕಿದೆ ಎಂದರ್ಥ. ಆಗ ನಿಮ್ಮ ತೊಂದರೆ ಬೇರೆಯದು, ಈ ಬರಹ ಬೇಕಿಲ್ಲ.

ಸಾಮಾನ್ಯ ಡೆಸ್ಕ್‌ಟಾಪ್, ಮಿನಿ ಪಿಸಿಗಳಲ್ಲಿ ಫ್ಯಾನು-ವೋಲ್ಟೇಜ್ ನೋಡಿಕೊಳ್ಳುವುದು ಸೂಪರ್ ಐ/ಒ ಎಂಬ ಚಿಪ್ಪು. ಹಳೆಯ ಕಾಲದ ಕೀಬೋರ್ಡ್ ಪೋರ್ಟು, ಸೀರಿಯಲ್ ಪೋರ್ಟುಗಳನ್ನು ನಡೆಸಲು ಬಂದ ಚಿಪ್ಪಿಗೇ ಈ ಅಳತೆಯ ಕೆಲಸವೂ ಸೇರಿಕೊಂಡಿದೆ. ಇವನ್ನು ಮಾಡುವವರು ಮುಖ್ಯವಾಗಿ ಐಟಿಇ, ನುವೋಟಾನ್ ಮತ್ತು ಫಿನ್‌ಟೆಕ್. ಹಳೆಯ ಬೋರ್ಡುಗಳಲ್ಲಿ ವಿನ್‌ಬಾಂಡ್ ಮತ್ತು ಎಸ್‌ಎಂಎಸ್‌ಸಿ ಕೂಡ ಸಿಗುತ್ತವೆ. ವಿನ್‌ಬಾಂಡಿನ ಈ ವಿಭಾಗವೇ 2008ರಲ್ಲಿ ನುವೋಟಾನ್ ಆಗಿ ಬೇರೆಯಾದದ್ದು. ಹಾಗಾಗಿ ಎರಡರ ಬಾಗಿಲು ತೆರೆಯುವ ರೀತಿಯೂ ಒಂದೇ.

ಕೈ ಹಾಕುವ ಮುನ್ನ

ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ. ಹುಡುಕಾಟದ ನಡುವೆ ಯಂತ್ರ ಸ್ತಬ್ಧವಾಗುವುದು ಅಪರೂಪ, ಆದರೆ ಆಗುವುದುಂಟು. ಬಟವಾಡೆಯ ಹಿಂದಿನ ದಿನ ಈ ಕೆಲಸ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ಹೇಳುವಂತಿಲ್ಲ, ಯುಪಿಎಸ್ ಮೇಲೆಯೇ ಮಾಡಿ.

'ಡಿಎಂಐಡೀಕೋಡ್' ಆಜ್ಞೆಗೆ '-ಟಿ ಬೇಸ್‌ಬೋರ್ಡ್' ಕೊಟ್ಟು ಬೋರ್ಡಿನ ತಯಾರಕರು, ಮಾದರಿ, ಆವೃತ್ತಿ ಬರೆದುಕೊಳ್ಳಿ. 'ಯುನೇಮ್ -ಆರ್' ಕೊಟ್ಟರೆ ಕರ್ನಲ್ (ಲಿನಕ್ಸಿನ ತಿರುಳು) ಆವೃತ್ತಿ ಸಿಗುತ್ತದೆ, ಅದನ್ನೂ ಬರೆದಿಡಿ. ಕೊನೆಗೆ ಇವು ಬೇಕಾಗುತ್ತವೆ.

ಸೆನ್ಸರ್ಸ್-ಡಿಟೆಕ್ಟ್ ಕೇಳುವ ಪ್ರಶ್ನೆಗಳು

'ಎಲ್ಎಂ-ಸೆನ್ಸರ್ಸ್' ಪ್ಯಾಕೇಜು ಹಾಕಿಕೊಂಡು 'ಸುಡೊ ಸೆನ್ಸರ್ಸ್-ಡಿಟೆಕ್ಟ್' ಓಡಿಸಿ. ಅದು ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತದೆ. ಪ್ರೊಸೆಸರ್ ಸೆನ್ಸರ್ ನೋಡಲೇ ಎಂದರೆ ಹೌದು. ಸೂಪರ್ ಐ/ಒ ನೋಡಲೇ ಎಂದರೆ ಹೌದು, ನಮಗೆ ಬೇಕಾದ್ದೇ ಅದು. ಉಳಿದವಕ್ಕೆ ಎಂಟರ್ ಒತ್ತಿ ಅದು ಸೂಚಿಸಿದ ಉತ್ತರವನ್ನೇ ಒಪ್ಪಿಕೊಳ್ಳಿ. ಕೊನೆಗೆ ಎಸ್‌ಎಂಬಸ್ (ಬೋರ್ಡಿನ ಸಣ್ಣ ಚಿಪ್ಪುಗಳನ್ನು ಜೋಡಿಸುವ ತಂತಿ) ಹುಡುಕಾಟದ ಪ್ರಶ್ನೆ ಬಂದಾಗ ಮಾತ್ರ ಸ್ವಲ್ಪ ನಿಲ್ಲಿ. ಆ ತಂತಿಯ ಮೇಲೆ ರ‍್ಯಾಮ್ ಕಡ್ಡಿಯ ಮಾಹಿತಿ ಇಡುವ ಚಿಪ್ಪುಗಳೂ ಇರುತ್ತವೆ. ಹಿಂದೆ ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಇಂಥ ಹುಡುಕಾಟದಿಂದ ಮೆಮೊರಿ ಚಿಪ್ಪಿನ ಮಾಹಿತಿ ಕೆಟ್ಟದ್ದಿದೆ. ಸೂಪರ್ ಐ/ಒ ಹಂತದಲ್ಲೇ ಏನಾದರೂ ಸಿಕ್ಕಿದರೆ ಎಸ್‌ಎಂಬಸ್ ಪ್ರಶ್ನೆಗೆ ಬೇಡ ಎನ್ನಿ.

ತೋಟದ ಮಿನಿ ಪಿಸಿಯಲ್ಲಿ ಐಟಿಇ ಕುಟುಂಬದ ಸಾಲಿಗೆ 'ಯೆಸ್' ಬಂತು, ಕೆಳಗೇ 'ಅನ್‌ನೋನ್ ಚಿಪ್ ವಿತ್ ಐಡಿ 8613' ಎಂಬ ಸಾಲು. ಈ ಒಂದು ಸಾಲಿನಲ್ಲಿ ಮುಕ್ಕಾಲು ಕೆಲಸ ಮುಗಿದಂತೆ. ಅದನ್ನು ಓದುವ ಬಗೆ ತಿಳಿದಿರಬೇಕು.

ಸೂಪರ್ ಐ/ಒ ಚಿಪ್ಪಿಗೆ ಎರಡು ಪೋರ್ಟುಗಳ ಮೂಲಕ ಮಾತಾಡಬೇಕು: 2ಇ ಮತ್ತು 2ಎಫ್, ಇಲ್ಲವೇ 4ಇ ಮತ್ತು 4ಎಫ್. ಮೊದಲನೆಯದರಲ್ಲಿ 'ಎಷ್ಟನೆಯ ರಿಜಿಸ್ಟರ್' (ಚಿಪ್ಪಿನೊಳಗೆ ಅಂಕಿ ಇಡುವ ಗೂಡು) ಎಂದು ಹೇಳಿ ಎರಡನೆಯದರಿಂದ ಅದರ ಬೆಲೆ ಓದುವುದು. ಆದರೆ ಸುಮ್ಮನೆ ಕೇಳಿದರೆ ಚಿಪ್ಪು ಬಾಯಿ ಬಿಡುವುದಿಲ್ಲ, ಮೊದಲು ಕೀಲಿ ಕೊಡಬೇಕು. ಕೀಲಿ ಕುಟುಂಬದಿಂದ ಕುಟುಂಬಕ್ಕೆ ಬೇರೆ. ವಿನ್‌ಬಾಂಡ್, ನುವೋಟಾನ್, ಫಿನ್‌ಟೆಕ್‌ಗೆ 87 ಎಂದು ಎರಡು ಸಲ ಬರೆಯಬೇಕು. ಐಟಿಇಗೆ 2ಇ ಪೋರ್ಟಿನಲ್ಲಿ 87, 01, 55, 55. 4ಇ ಆದರೆ ಕೊನೆಯದು 55ರ ಬದಲು ಎಎ. ಎಸ್‌ಎಂಎಸ್‌ಸಿಗೆ ಒಂದೇ 55 ಸಾಕು. ಯಾವ ಕೀಲಿಗೆ ಬಾಗಿಲು ತೆರೆಯಿತು ಎಂಬುದೇ ಕುಟುಂಬ ಯಾವುದು ಎಂಬುದಕ್ಕೆ ಮೊದಲ ಸುಳಿವು.

ಬಾಗಿಲು ತೆರೆದ ಮೇಲೆ ರಿಜಿಸ್ಟರ್ 20 ಮತ್ತು 21 ಸೇರಿಸಿ ಓದಿದರೆ ಐಡಿ. ಐಟಿಇಯವರು ಮಾಡಿರುವ ಉಪಕಾರ ದೊಡ್ಡದು: ಐಡಿಯೇ ಚಿಪ್ಪಿನ ಹೆಸರು. 8728 ಎಂದರೆ ಐಟಿ8728, 8613 ಎಂದರೆ ಐಟಿ8613. ನುವೋಟಾನ್‌ನಲ್ಲಿ ಹಾಗಿಲ್ಲ. ಅಲ್ಲಿ ಸಿ33 ಎಂದು ಶುರುವಾದರೆ ಎನ್‌ಸಿಟಿ6776, ಸಿ56 ಆದರೆ ಎನ್‌ಸಿಟಿ6779, ಸಿ80 ಆದರೆ ಎನ್‌ಸಿಟಿ6791, ಡಿ42 ಎಂಬುದರ ಕೊನೆಗೆ 8 ಬಂದರೆ ಎನ್‌ಸಿಟಿ6798. ಕೊನೆಯ ಅಂಕಿಯ ಕೆಳಗಿನ ಮೂರು ಬಿಟ್‌ಗಳು ಚಿಪ್ಪಿನ ಪರಿಷ್ಕರಣೆಯ ಸಂಖ್ಯೆ, ಅದನ್ನು ಡ್ರೈವರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಸಿ562 ಕಂಡರೂ ಅದು ಸಿ560ರ ಮನೆಯದೇ. ಫಿನ್‌ಟೆಕ್ ಆದರೆ ರಿಜಿಸ್ಟರ್ 23-24ರಲ್ಲಿ 1934 ಎಂಬ ತಯಾರಕರ ಗುರುತು ಬೇರೆ ಇರುತ್ತದೆ. ಐಡಿ ಜಾಗದಲ್ಲಿ ಎಫ್‌ಎಫ್‌ಎಫ್‌ಎಫ್ ಬಂದರೆ ಅಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ ಎಂದೇ ಅರ್ಥ.

ಸೆನ್ಸರ್ಸ್-ಡಿಟೆಕ್ಟ್ ಪೋರ್ಟನ್ನು ಮುಟ್ಟಲಾಗದೆ ಸೋತರೆ ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ಏರ್ಪಾಡು) ನೋಡಿ. ಅದು ಆನ್ ಇದ್ದರೆ ಬಹಳಷ್ಟು ಡಿಸ್ಟ್ರೊಗಳಲ್ಲಿ ಕರ್ನಲ್ ಲಾಕ್‌ಡೌನ್ ಜಾರಿಯಾಗಿ ಪೋರ್ಟುಗಳನ್ನು ನೇರವಾಗಿ ಓದಲು ಬಿಡುವುದಿಲ್ಲ. ಪತ್ತೆ ಕೆಲಸ ಮುಗಿಯುವವರೆಗೆ ಬಯಾಸ್‌ನಲ್ಲಿ (ಬೋರ್ಡಿನದೇ ಆರಂಭಿಕ ತಂತ್ರಾಂಶದಲ್ಲಿ) ಅದನ್ನು ಆಫ್ ಮಾಡಿ, ಆಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ.

ಮುಚ್ಚಳ ತೆಗೆದು ಕಣ್ಣಾರೆ ನೋಡಿ

ಬಹುತೇಕರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇದಿಲ್ಲದೆ ಪತ್ತೆ ಪೂರ್ತಿಯಾಗುವುದಿಲ್ಲ.

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಂದೆರಡು ಸಲ ಒತ್ತಿ ಉಳಿದ ವಿದ್ಯುತ್ತು ಖಾಲಿ ಮಾಡಿ, ಮುಚ್ಚಳ ಬಿಚ್ಚಿ. ಬೋರ್ಡಿನ ಅಂಚಿನ ಹತ್ತಿರ, ನಾಲ್ಕೂ ಬದಿಗೆ ಸಣ್ಣ ಕಾಲುಗಳಿರುವ ಚೌಕದ ಅಥವಾ ಆಯತದ ಕಪ್ಪು ಚಿಪ್ಪನ್ನು ಹುಡುಕಿ. ಧ್ವನಿ ಮತ್ತು ನೆಟ್‌ವರ್ಕ್ ಚಿಪ್ಪುಗಳೂ ಹಾಗೇ ಕಾಣುತ್ತವೆ, ಅವು ತಮ್ಮ ತಮ್ಮ ಸಾಕೆಟ್ಟಿನ ಪಕ್ಕದಲ್ಲಿರುತ್ತವೆ.

ನಮ್ಮ ಊರಿನ ಯಂತ್ರಗಳಲ್ಲಿ ಚಿಪ್ಪಿನ ಮೇಲೆ ಮಸುಕು ಪೊರೆ ಕಟ್ಟಿರುತ್ತದೆ. ಮಳೆಗಾಲದ ತೇವ, ಕಣದ ಕಡೆಯಿಂದ ಹಾರಿ ಬಂದ ಕಾಫಿ ಸಿಪ್ಪೆಯ ಧೂಳು ಎರಡೂ ಸೇರಿ ಅಂಟಿದ್ದು. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಮೆಲ್ಲಗೆ ಒರೆಸಿದರೆ ಅಕ್ಷರ ಎದ್ದು ಬರುತ್ತದೆ. ನೀರು ಮುಟ್ಟಿಸಬೇಡಿ. ಟಾರ್ಚನ್ನು ನೇರ ಮೇಲಿನಿಂದ ಹಿಡಿದರೆ ಬರೀ ಹೊಳಪು ಕಾಣುತ್ತದೆ. ಬದಿಯಿಂದ, ಬೋರ್ಡಿಗೆ ತಾಗುವಷ್ಟು ಕೆಳಗೆ ಓರೆಯಾಗಿ ಹಿಡಿದು ಫೋನಿನಲ್ಲಿ ಫೋಟೊ ತೆಗೆಯಿರಿ. ಮೊದಲ ಸಾಲಿನಲ್ಲಿ ತಯಾರಕರ ಗುರುತು, ಆಮೇಲೆ ಮಾದರಿ, ಅದರ ಕೆಳಗೆ ತಯಾರಾದ ವರ್ಷ-ವಾರದ ನಾಲ್ಕು ಅಂಕಿ ಸಾಮಾನ್ಯವಾಗಿ ಇರುತ್ತವೆ. 1948 ಎಂದಿದ್ದರೆ 2019ನೇ ಇಸವಿಯ 48ನೇ ವಾರ.

ನಮ್ಮ ಚಿಪ್ಪಿನ ಮೇಲೆ ಐಟಿ8613ಇ ಎಂದಿತ್ತು. ರಿಜಿಸ್ಟರ್ ಹೇಳಿದ್ದೂ ಅದೇ. ಎರಡು ಸಾಕ್ಷಿ ಕೂಡಿದವು.

ರಿಜಿಸ್ಟರುಗಳನ್ನು ಓದುವುದು

ಎಲ್ಎಂ-ಸೆನ್ಸರ್ಸ್ ಜತೆಗೇ 'ಐಎಸ್‌ಎಡಂಪ್' ಎಂಬ ಉಪಕರಣ ಬರುತ್ತದೆ. ಅದರ ಜೋಡಿ 'ಐಎಸ್‌ಎಸೆಟ್' ಬರೆಯುವ ಉಪಕರಣ, ಅದನ್ನು ಈಗ ಮುಟ್ಟಲೇಬೇಡಿ. ಕೋರ್‌ಬೂಟ್ ಯೋಜನೆಯ 'ಸೂಪರ್‌ಐಒಟೂಲ್ -ಡಿ' ಕೂಡ ಇದೇ ಕೆಲಸ ಮಾಡುತ್ತದೆ, ಅದಕ್ಕೆ ಗೊತ್ತಿರುವ ಚಿಪ್ಪಾದರೆ ರಿಜಿಸ್ಟರುಗಳನ್ನು ಅಂದವಾಗಿ ಜೋಡಿಸಿ ತೋರಿಸುತ್ತದೆ.

ಸೂಪರ್ ಐ/ಒ ಒಳಗೆ ಹಲವು ವಿಭಾಗಗಳಿವೆ. ಐಟಿಇಯಲ್ಲಿ ಅಳತೆಯ ವಿಭಾಗ 4ನೆಯದು, ನುವೋಟಾನ್‌ನ ಎನ್‌ಸಿಟಿ6775 ಬಳಗದಲ್ಲಿ 0ಬಿ. ಐಟಿಇಗೆ ಆಜ್ಞೆ ಹೀಗೆ: 'ಐಎಸ್‌ಎಡಂಪ್ -ಕೆ', ಆಮೇಲೆ ಅಲ್ಪವಿರಾಮ ಹಾಕಿ ನಾಲ್ಕು ಕೀಲಿಗಳು, ಆಮೇಲೆ 2ಇ, 2ಎಫ್, ಕೊನೆಗೆ ವಿಭಾಗದ ಸಂಖ್ಯೆ 4. ಪರದೆ ತುಂಬ ಚೌಕಟ್ಟಿನಲ್ಲಿ ಅಂಕಿಗಳು ಬರುತ್ತವೆ. ಮೂರು ಜಾಗ ನೋಡಿದರೆ ಸಾಕು. ರಿಜಿಸ್ಟರ್ 30ರಲ್ಲಿ 01 ಇದ್ದರೆ ವಿಭಾಗ ಚಾಲೂ ಇದೆ. 60 ಮತ್ತು 61ರಲ್ಲಿ ಅಳತೆಯ ಭಾಗದ ವಿಳಾಸ. ನಮ್ಮಲ್ಲಿ 0ಎ ಮತ್ತು 30 ಇತ್ತು, ಸೇರಿಸಿದರೆ ಎ30.

ಐಟಿಇಯ ಅಳತೆ ಭಾಗವನ್ನು ಓದುವುದು ಆ ವಿಳಾಸಕ್ಕೆ 5 ಮತ್ತು 6 ಕೂಡಿಸಿದ ಪೋರ್ಟುಗಳಿಂದ, ಎಂದರೆ ಎ35 ಮತ್ತು ಎ36. ಇಲ್ಲಿ ಕೀಲಿ ಬೇಡ. ಓದಿದ ಮಾತ್ರಕ್ಕೆ ಅಳಿದುಹೋಗುವ ಸ್ಥಿತಿ ರಿಜಿಸ್ಟರುಗಳೂ ಇಲ್ಲಿರುವುದರಿಂದ ಪದೇ ಪದೇ ಓದುತ್ತ ಕೂರಬೇಡಿ. ಒಂದು ಸಲ ತೆಗೆದು ಕಡತಕ್ಕೆ ಉಳಿಸಿ, ಐದು ನಿಮಿಷ ಬಿಟ್ಟು ಇನ್ನೊಂದು ಸಲ.

ಉಳಿಸಿದ್ದನ್ನು ಒಮ್ಮೆ ಕೈಯಾರೆ ಬಿಡಿಸೋಣ. ರಿಜಿಸ್ಟರ್ 58ರಲ್ಲಿ 90 ಇತ್ತು. ಅದು ಐಟಿಇಯ ಸಹಿ, ವಿಳಾಸ ಸರಿಯಾಗಿದೆ ಎಂದಾಯಿತು. 29ರಲ್ಲಿ 2ಬಿ, ಎಂದರೆ ದಶಮಾನದಲ್ಲಿ 43. ಅದು 43 ಡಿಗ್ರಿ ಸೆಲ್ಸಿಯಸ್. ಫ್ಯಾನಿನ ಎಣಿಕೆ ಎರಡು ತುಂಡಾಗಿ ಇರುತ್ತದೆ, ಕೆಳಭಾಗ 0ಇಯಲ್ಲಿ, ಮೇಲ್ಭಾಗ 19ರಲ್ಲಿ. ನಮ್ಮಲ್ಲಿ 58 ಮತ್ತು 02 ಸಿಕ್ಕಿತು. ಸೇರಿಸಿದರೆ 0258, ದಶಮಾನದಲ್ಲಿ 600. ವೇಗ ಬೇಕಾದರೆ 13,50,000ವನ್ನು ಎಣಿಕೆಯ ಎರಡರಷ್ಟರಿಂದ ಭಾಗಿಸಬೇಕು: 1200ರಿಂದ ಭಾಗಿಸಿದರೆ ನಿಮಿಷಕ್ಕೆ 1125 ಸುತ್ತು. ಎಣಿಕೆ ಹೆಚ್ಚಿದಷ್ಟೂ ಫ್ಯಾನು ನಿಧಾನ, ಇದನ್ನು ತಲೆಕೆಳಗು ಮಾಡಿಕೊಳ್ಳಬೇಡಿ. ಎಫ್‌ಎಫ್‌ಎಫ್‌ಎಫ್ ಬಂದರೆ ಫ್ಯಾನು ನಿಂತಿದೆ ಅಥವಾ ಆ ಜಾಗಕ್ಕೆ ಫ್ಯಾನೇ ಸಿಕ್ಕಿಸಿಲ್ಲ.

ಎರಡನೆಯ ಸಲ ತೆಗೆದಾಗ ಎರಡೂ ಕಡೆ ಎಫ್‌ಎಫ್. ಫ್ಯಾನು ನಿಂತಿತ್ತು! ರೈಟರನ್ನು ಕರೆದೆ. "ಈಗ ಕೇಳಿ ಅಣ್ಣ, ತಿರುಗ್ತಾ ಉಂಟಾ?" ಕಿವಿಯಿಟ್ಟರು. "ಇಲ್ಲ ಅಲ್ಲಾ!" ತಣ್ಣಗಿರುವಾಗ ಓಡಿ, ಬಿಸಿಯಾದ ಮೇಲೆ ಬೇರಿಂಗ್ ಹಿಡಿದುಕೊಳ್ಳುತ್ತಿತ್ತು. ಅವರು ಕೇಳಿದ್ದು ಪ್ರತಿಸಲವೂ ಆನ್ ಮಾಡಿದ ಹೊಸದರಲ್ಲಿ. ಡ್ರೈವರ್ ಇನ್ನೂ ಸಿಗದೆಯೇ ಎರಡು ರಿಜಿಸ್ಟರುಗಳಿಂದ ರೋಗ ಗೊತ್ತಾಯಿತು. ಹೊಸ ಫ್ಯಾನು ಹಾಕಿದೆವು.

ಅಂಕಿಯನ್ನು ಪರೀಕ್ಷೆಗೆ ಹಚ್ಚಿ

ಬಿಸಿಯ ಸೆನ್ಸರ್ ನಿಜವೇ ಎಂದು ನೋಡಲು ನಮ್ಮ ಕೊಡಗಿನ ಬೆಳಗಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಯಂತ್ರವನ್ನು ರಾತ್ರಿಯಿಡೀ ಆಫ್ ಇಡಿ. ಬೆಳಿಗ್ಗೆ ಎದ್ದು, ಗೋಡೆಯ ಥರ್ಮಾಮೀಟರ್ ನೋಡಿ ಬರೆದುಕೊಂಡು, ಆನ್ ಮಾಡಿದ ಕೂಡಲೇ ರಿಜಿಸ್ಟರ್ ಓದಿ. ಬೋರ್ಡಿನ ಬಿಸಿ ಕೋಣೆಯ ಬಿಸಿಗಿಂತ ಕೆಲವೇ ಡಿಗ್ರಿ ಮೇಲಿರಬೇಕು. ಹೊರಗೆ ಮಂಜು ಕವಿದು ಕೈ ಮರಗಟ್ಟುವಾಗಲೂ 55 ತೋರಿಸಿದರೆ, ಅಥವಾ ಮೈನಸ್ 55, 127 ಎಂದರೆ, ಆ ಕಾಲಿಗೆ ಸೆನ್ಸರೇ ಜೋಡಿಸಿಲ್ಲ. ಆಮೇಲೆ 'ಸ್ಟ್ರೆಸ್-ಎನ್‌ಜಿ' ಹಾಕಿ ಪ್ರೊಸೆಸರಿಗೆ ಕೆಲಸ ಕೊಡಿ. ಯಾವ ಅಂಕಿ ಥಟ್ಟನೆ ಏರುತ್ತದೋ ಅದು ಪ್ರೊಸೆಸರಿನದು, ನಿಧಾನವಾಗಿ ಏರುವುದು ಬೋರ್ಡಿನದು.

ವೋಲ್ಟೇಜಿಗೆ ಅಳತೆಗೋಲು ಬೋರ್ಡಿನ ಗುಂಡಿ ಸೆಲ್. ಐಟಿಇಯಲ್ಲಿ ಅದರ ರಿಜಿಸ್ಟರ್ 28. ಹಳೆಯ ಐಟಿಇ ಚಿಪ್ಪುಗಳಲ್ಲಿ ಒಂದು ಹೆಜ್ಜೆ 16 ಮಿಲಿವೋಲ್ಟ್, ನಂತರದ ಕೆಲವದರಲ್ಲಿ 12. ನಮ್ಮದರಲ್ಲಿ ಎಷ್ಟು? ರಿಜಿಸ್ಟರಿನಲ್ಲಿ 8ಬಿ, ಅಂದರೆ 139 ಇತ್ತು. ಮಲ್ಟಿಮೀಟರ್ ಹಿಡಿದರೆ ಸೆಲ್ 3.06 ವೋಲ್ಟ್. 3060ನ್ನು 139ರಿಂದ ಭಾಗಿಸಿದರೆ 22. ಚಿಪ್ಪು ಸೆಲ್ಲಿನ ವೋಲ್ಟೇಜನ್ನು ಒಳಗೇ ಅರ್ಧ ಮಾಡಿ ಅಳೆಯುತ್ತದೆ, ಹಾಗಾಗಿ ಹೆಜ್ಜೆ 11 ಮಿಲಿವೋಲ್ಟ್. ಡ್ರೈವರ್ ಬರೆಯುವವರಿಗೆ ಇಂಥ ಒಂದು ಸಾಲು ಬಂಗಾರ.

ಡ್ರೈವರ್ ಹುಡುಕುವುದು

ಈಗ ಹೆಸರು ಖಚಿತ. ಕರ್ನಲ್ ಮೂಲಪಠ್ಯದ 'ಡ್ರೈವರ್ಸ್' ಫೋಲ್ಡರಿನೊಳಗಿನ 'ಎಚ್‌ಡಬ್ಲ್ಯೂಮಾನ್' ಫೋಲ್ಡರಿನಲ್ಲಿ ನಿಮ್ಮ ಐಡಿಯನ್ನು 'ಗ್ರೆಪ್' ಮಾಡಿ (ಹುಡುಕಿ). ಹೊಸ ಕರ್ನಲಿನಲ್ಲಿ ಸಿಕ್ಕಿದರೆ ಕರ್ನಲ್ ಮೇಲ್ದರ್ಜೆಗೇರಿಸುವುದೇ ಸರಿಯಾದ ದಾರಿ. ಅಲ್ಲಿಲ್ಲದಿದ್ದರೆ ಕರ್ನಲ್ಲಿನ ಹೊರಗೆ ಬೆಳೆಯುತ್ತಿರುವ ಆವೃತ್ತಿ ಇದೆಯೇ ನೋಡಿ. ಐಟಿ87 ಡ್ರೈವರಿಗೆ ಅಂಥದೊಂದಿದೆ, ಅದರಲ್ಲಿ ಐಟಿ8613 ಸೇರಿದೆ. ಡಿಕೆಎಂಎಸ್ ಮೂಲಕ ಹಾಕಿದರೆ ಕರ್ನಲ್ ಬದಲಾದಾಗಲೆಲ್ಲ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ತೋಟದ ಯಂತ್ರಕ್ಕೆ ನಾನು ಮಾಡಿದ್ದು ಅದೇ.

'ಫೋರ್ಸ್_ಐಡಿ' ಎಂಬ ಆಯ್ಕೆಯೂ ಇದೆ: ಚಿಪ್ಪು ಹೇಳಿದ ಐಡಿ ಬಿಟ್ಟು ನೀವು ಹೇಳಿದ್ದನ್ನೇ ಡ್ರೈವರ್ ನಂಬುತ್ತದೆ. ಒಂದೇ ಮನೆತನದ ಹತ್ತಿರದ ಚಿಪ್ಪಿನ ಐಡಿ ಕೊಟ್ಟರೆ ಹಲವು ಸಲ ಅಂಕಿಗಳು ಬರುತ್ತವೆ. ಪರೀಕ್ಷೆಗೆ ಸರಿ, ಕಾಯಂ ಬಳಕೆಗೆ ಬೇಡ. ಫ್ಯಾನು ನಿಯಂತ್ರಿಸುವ ರಿಜಿಸ್ಟರಿನ ಜಾಗ ಎರಡು ಚಿಪ್ಪುಗಳಲ್ಲಿ ಬೇರೆಯಿದ್ದರೆ ನೀವು ವೇಗ ಹೆಚ್ಚಿಸಲು ಹೋಗಿ ಫ್ಯಾನನ್ನೇ ನಿಲ್ಲಿಸಿಬಿಡಬಹುದು. ಫ್ಯಾನಿನ ವೇಗ ನಿಯಂತ್ರಿಸುವ, 'ಪಿಡಬ್ಲ್ಯೂಎಂ' ಎಂದು ಶುರುವಾಗುವ ಕಡತಗಳಿಗೆ ಆ ಸ್ಥಿತಿಯಲ್ಲಿ ಏನನ್ನೂ ಬರೆಯಬೇಡಿ.

ಡ್ರೈವರ್ ಸರಿಯಾಗಿದ್ದೂ ಲೋಡ್ ಆಗದೆ, 'ಡಿಮೆಸೆಜ್'ನಲ್ಲಿ (ಕರ್ನಲ್ಲಿನ ಸಂದೇಶಗಳ ಪಟ್ಟಿಯಲ್ಲಿ) ಎಸಿಪಿಐ (ಬಯಾಸ್ ಮತ್ತು ಲಿನಕ್ಸಿನ ನಡುವಿನ ಒಪ್ಪಂದ) ಜತೆ ವಿಳಾಸದ ತಿಕ್ಕಾಟ ಎಂಬ ಎಚ್ಚರಿಕೆ ಬಂದರೆ ಆತುರ ಬೇಡ. ಬಯಾಸ್ ಕೂಡ ಅದೇ ಪೋರ್ಟುಗಳನ್ನು ಬಳಸುತ್ತೇನೆಂದು ಹೇಳಿಕೊಂಡಿದೆ ಎಂದು ಇದರರ್ಥ. ಒಂದು ಹಾಜರಿ ಪುಸ್ತಕ, ಇಬ್ಬರು ರೈಟರು ಎಂದುಕೊಳ್ಳಿ. ಒಬ್ಬರು ಸೋಮವಾರದ ಪುಟ ತೆರೆದು ಪೆನ್ನಿಗೆ ಕೈ ಚಾಚುವಷ್ಟರಲ್ಲಿ ಇನ್ನೊಬ್ಬರು ಗುರುವಾರದ ಪುಟ ತಿರುಗಿಸಿದರು. ಮೊದಲನೆಯವರು ನೋಡದೆ ಬರೆದರೆ ಸೋಮವಾರದ ಹಾಜರಿ ಗುರುವಾರಕ್ಕೆ ಬೀಳುತ್ತದೆ. ರಿಜಿಸ್ಟರ್ ಸಂಖ್ಯೆ ಒಂದು ಪೋರ್ಟಿನಲ್ಲಿ, ಬೆಲೆ ಇನ್ನೊಂದರಲ್ಲಿ ಇರುವುದರಿಂದ ಇಲ್ಲೂ ಹಾಗೇ ಆಗುತ್ತದೆ. ಅದಕ್ಕೇ ಕರ್ನಲ್ 2.6.31ರಿಂದ ಇಂಥಲ್ಲಿ ಡ್ರೈವರನ್ನು ತಡೆಯುತ್ತದೆ. 'ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್' ಆಯ್ಕೆಗೆ 'ಲ್ಯಾಕ್ಸ್' ಕೊಟ್ಟರೆ ಆ ತಡೆ ಇಡೀ ಯಂತ್ರಕ್ಕೆ ತೆಗೆದುಹೋಗುತ್ತದೆ. ಅದಕ್ಕಿಂತ ಮೊದಲು ಬಯಾಸ್ ಮೂಲಕವೇ ಕೇಳುವ ಡ್ರೈವರ್ ಇದೆಯೇ ನೋಡಿ. ಗಿಗಾಬೈಟ್ ಬೋರ್ಡುಗಳಿಗೆ ಕರ್ನಲ್ 5.13ರಿಂದ ಅಂಥದ್ದಿದೆ, ಆಸುಸ್‌ನ ಹಲವು ಬೋರ್ಡುಗಳಲ್ಲಿ ಎನ್‌ಸಿಟಿ6775 ಡ್ರೈವರೇ 5.16ರಿಂದ ಆ ದಾರಿ ಹಿಡಿಯುತ್ತದೆ.

ಸೂಪರ್ ಐ/ಒದಲ್ಲಿ ಏನೂ ಸಿಗದಿದ್ದರೆ ಮಾತ್ರ ಎಸ್‌ಎಂಬಸ್ ಕಡೆ ಹೋಗಿ. 'ಐ2ಸಿಡಿಟೆಕ್ಟ್ -ಎಲ್' ಕೊಟ್ಟು ಬಸ್ಸಿನ ಸಂಖ್ಯೆ ತಿಳಿದು, ಆ ಬಸ್ಸನ್ನು ನೋಡಿ. 50ರಿಂದ 57ರವರೆಗಿನ ವಿಳಾಸಗಳು ರ‍್ಯಾಮ್ ಕಡ್ಡಿಗಳವು, ಅವನ್ನು ಮುಟ್ಟಬೇಡಿ. 48ರಿಂದ 4ಎಫ್ ಎಲ್ಎಂ75 ಮಾದರಿಯ ಸೆನ್ಸರುಗಳ ತಾಣ. ಎಲ್ಎಂ90 ಬಳಗ 4ಸಿಯಲ್ಲಿ ಸಿಕ್ಕರೆ ಅದರ ರಿಜಿಸ್ಟರ್ ಎಫ್‌ಇಯಲ್ಲಿ ತಯಾರಕರ ಗುರುತು, ಎಫ್‌ಎಫ್‌ನಲ್ಲಿ ಚಿಪ್ಪಿನದು. ಎಫ್‌ಇಯಲ್ಲಿ 41 ಅನಲಾಗ್ ಡಿವೈಸಸ್, 4ಡಿ ಮ್ಯಾಕ್ಸಿಮ್, 01 ನ್ಯಾಷನಲ್ ಸೆಮಿಕಂಡಕ್ಟರ್.

ಯಾವ ಡ್ರೈವರಿನಲ್ಲೂ ಇಲ್ಲದ ಚಿಪ್ಪಾದರೆ

ಕರ್ನಲ್ಲಿನ ಎಚ್‌ಡಬ್ಲ್ಯೂಮಾನ್ ವಿಭಾಗ ನೋಡಿಕೊಳ್ಳುವವರಿಗೆ ವರದಿ ಕಳಿಸಿ. ಬೋರ್ಡಿನ ಮಾದರಿ, ಕರ್ನಲ್ ಆವೃತ್ತಿ, ಸೆನ್ಸರ್ಸ್-ಡಿಟೆಕ್ಟ್‌ನ ಪೂರ್ತಿ ಸಾಲುಗಳು, ಎರಡು ಸಲ ತೆಗೆದ ರಿಜಿಸ್ಟರ್ ಅಂಕಿಗಳ ಡಂಪ್, ಚಿಪ್ಪಿನ ಫೋಟೊದಲ್ಲಿ ಕಂಡ ಅಕ್ಷರ, ಅದೇ ಹೊತ್ತಿಗೆ ಬಯಾಸ್ ಪರದೆ ತೋರಿಸಿದ ಫ್ಯಾನು-ಬಿಸಿ-ವೋಲ್ಟೇಜ್, ಮೀಟರಿನ ಅಳತೆ ಇವೆಲ್ಲ ಇರಲಿ. 'ಕೆಲಸ ಮಾಡುತ್ತಿಲ್ಲ' ಎಂಬ ಒಂದೇ ಸಾಲಿನ ಪತ್ರದಿಂದ ಅವರಿಗೆ ಏನೂ ಆಗದು, ಇಷ್ಟು ಕೊಟ್ಟರೆ ಎಲ್ಲೋ ಕೂತವರು ಈ ಬೋರ್ಡನ್ನು ಮುಟ್ಟದೆಯೇ ಡ್ರೈವರಿಗೆ ಅದನ್ನು ಸೇರಿಸಬಲ್ಲರು. ಫೋಟೊದಲ್ಲಿ ಸೀರಿಯಲ್ ನಂಬರಿನ ಚೀಟಿ ಕಂಡರೆ ಮುಚ್ಚಿಬಿಡಿ.

ಡ್ರೈವರ್ ಸಿಕ್ಕಿ ಅಂಕಿ ಸರಿ ಬಂದ ಮೇಲೆ 'ಇಟಿಸಿ' ಫೋಲ್ಡರಿನ 'ಮಾಡ್ಯೂಲ್ಸ್-ಲೋಡ್.ಡಿ' ಒಳಗೆ ಅದರ ಹೆಸರಿನ ಒಂದು ಕಡತ ಇಡಿ, ಬೂಟ್ ಆದಾಗಲೆಲ್ಲ ತಾನೇ ಬರುತ್ತದೆ. 'ಸೆನ್ಸರ್ಸ್.ಡಿ' ಒಳಗಿನ ಕಡತದಲ್ಲಿ 'ಲೇಬಲ್' ಸಾಲಿನಿಂದ ಹೆಸರು ಕೊಡಿ, ಜೋಡಿಸದ ಕಾಲುಗಳನ್ನು 'ಇಗ್ನೋರ್' ಮಾಡಿ, 12 ವೋಲ್ಟಿನಂಥ ಸಾಲುಗಳಿಗೆ ಬೋರ್ಡಿನ ರೆಸಿಸ್ಟರುಗಳು ಎಷ್ಟು ಪಾಲು ಇಳಿಸುತ್ತವೋ ಅಷ್ಟನ್ನು 'ಕಂಪ್ಯೂಟ್' ಸಾಲಿನಲ್ಲಿ ಮರಳಿ ಏರಿಸಿ.

ಕೊನೆಗೆ ಒಂದು ಚೀಟಿಯಲ್ಲಿ ಚಿಪ್ಪಿನ ಹೆಸರು, ಐಡಿ, ವಿಳಾಸ, ಡ್ರೈವರ್ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ಪೆನ್ಸಿಲಿನಲ್ಲಿ ಬರೆಯಿರಿ, ನಮ್ಮ ಮಳೆಗಾಲದ ತೇವಕ್ಕೆ ಶಾಯಿ ಹರಡಿಹೋಗುತ್ತದೆ.